ಮರಿ ಹುಟ್ಟೋಕೆ ಮೊದಲೇ ತುಪ್ಪಟದ ಲೆಕ್ಕ

ಈ ಕ್ಲೋಸಪ್ ಸ್ವಲ್ಪ ಹೊತ್ತು ನೋಡಿ. ಚಳ್ಳಕೆರೆ ಕಡೆಯ ಒಂದು ಕುರಿಹಟ್ಟಿ. ಡೆಕ್ಕನಿ ಕುರಿ. ಎರಡು ಬೆರಳಲ್ಲಿ ಅದರ ತುಪ್ಪಟ ಬಿಡಿಸಿ ಹಿಡಿದಿದ್ದೇನೆ, ಬುಡದಲ್ಲಿ ಚರ್ಮ ಕಾಣುತ್ತಿದೆ ಅಲ್ವಾ? ದಪ್ಪಗೆ, ಒರಟಾಗಿ, ನೆಟ್ಟಗೆ ನಿಂತಿರುವ ಕೂದಲು ಒಂದು ಬಗೆ. ಅದರ ಸಂದಿಯಲ್ಲಿ ನವಿರಾಗಿ ಸುರುಳಿ ಸುತ್ತಿಕೊಂಡಿರುವುದು ಇನ್ನೊಂದು ಬಗೆ. ಒಂದೇ ಕುರಿ, ಬೆರಳಗಲದ ಜಾಗ, ಎರಡು ಥರದ ಕೂದಲು.

ದಪ್ಪ ಕೂದಲು ಹೆಚ್ಚಾಗಿ ಪ್ರೈಮರಿ ಫಾಲಿಕಲ್ ಅನ್ನುವ ಬುಡದಿಂದ ಬರುತ್ತದೆ. ಈ ಬುಡಕ್ಕೆ ಬೆವರಿನ ಗ್ರಂಥಿ ಇರುತ್ತದೆ, ಕೂದಲು ನಿಮಿರಿಸುವ ಪುಟ್ಟ ಸ್ನಾಯುವೂ ಇರುತ್ತದೆ. ನವಿರು ಕೂದಲು ಸೆಕೆಂಡರಿ ಫಾಲಿಕಲ್‌ನಿಂದ. ಅದಕ್ಕೆ ಇವೆರಡೂ ಇಲ್ಲ. ನವಿರು ಉಣ್ಣೆ ಬೇಕಾದರೆ ಈ ಎರಡನೇ ಬಗೆಯ ಬುಡಗಳು ಜಾಸ್ತಿ ಇರಬೇಕು.

ಅವು ಯಾವಾಗ ಹುಟ್ಟುತ್ತವೆ ಗೊತ್ತಾ? ತಾಯಿಯ ಹೊಟ್ಟೆಯಲ್ಲೇ. ಕುರಿ ಗಬ್ಬವಾಗಿ ಐದು ತಿಂಗಳಿಗೆ ಮರಿ ಹಾಕುತ್ತದೆ. ಎರಡು ತಿಂಗಳಾಗುವ ಹೊತ್ತಿಗೆ ಪ್ರೈಮರಿ ಬುಡಗಳು ಶುರುವಾಗುತ್ತವೆ, ಮೂರನೇ ತಿಂಗಳ ಆಸುಪಾಸಿನಲ್ಲಿ ಸೆಕೆಂಡರಿ. ಮರಿ ಹುಟ್ಟಿದ ಮೇಲೆ ಅವು ಬಲಿಯುತ್ತವೆ ಅಷ್ಟೇ, ಹೊಸದಾಗಿ ಸೇರಿಕೊಳ್ಳುವುದಿಲ್ಲ. ಈ ಹಟ್ಟಿಯ ಅಜ್ಜ ಹೇಳಿದ್ದೂ ಅದನ್ನೇ. “ಮರಿ ನೆಲಕ್ಕೆ ಬಿದ್ದ ದಿನಾನೇ ಮೈ ಸವರಿದರೆ ಗೊತ್ತಾಗುತ್ತೆ ಕಣಮ್ಮ, ಇದರ ತುಪ್ಪಟ ಹೆಂಗೆ ಬರುತ್ತೆ ಅಂತ.”

ಹಾಗಾದರೆ ಹೊಟ್ಟೆಯೊಳಗೆ ಈ ಲೆಕ್ಕ ಹಾಕುವವರು ಯಾರು?

ಶಾಲೆಯಲ್ಲಿ ನಾವೆಲ್ಲ ಓದಿದ್ದು ಒಂದೇ ಸಾಲು. ಡಿಎನ್‌ಎಯಿಂದ ಆರ್‌ಎನ್‌ಎ, ಆರ್‌ಎನ್‌ಎಯಿಂದ ಪ್ರೋಟೀನ್. ಆದರೆ ಪ್ರೋಟೀನ್ ಆಗದೆ ಆರ್‌ಎನ್‌ಎಯಾಗಿಯೇ ಉಳಿದು ಕೆಲಸ ಮಾಡುವವು ಬಹಳ ಇವೆ. ಇವೇ ನಾನ್-ಕೋಡಿಂಗ್ ಆರ್‌ಎನ್‌ಎಗಳು. ಈ ಎಳೆಯ ಒಂದೊಂದು ಕೊಂಡಿಯನ್ನು ಒಂದು ಅಕ್ಷರ ಅಂದುಕೊಳ್ಳಿ. ಕೆಲವು ತುಂಬಾ ಚಿಕ್ಕವು, ಸುಮಾರು 22 ಅಕ್ಷರ. ಇವಕ್ಕೆ ಮೈಕ್ರೋ ಆರ್‌ಎನ್‌ಎ ಅಂತಾರೆ. 1993ರಲ್ಲಿ ಒಂದು ಪುಟಾಣಿ ಹುಳದಲ್ಲಿ ಮೊದಲು ಕಂಡವು. ಅದಕ್ಕಾಗಿ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರುವ್ಕುನ್ ಅವರಿಗೆ 2024ರಲ್ಲಿ ನೊಬೆಲ್ ಬಂತು. 200 ಅಕ್ಷರ ದಾಟಿದ ಉದ್ದನೆಯವೂ ಇವೆ, ಉಂಗುರದ ಹಾಗೆ ಸುತ್ತಿಕೊಂಡವೂ ಇವೆ.

ನಮ್ಮ ಕೆರೆ ಬಯಲಿನ ನೀರಗಂಟಿ ಇದ್ದಾನಲ್ಲ, ಇವು ಹಾಗೆ. ಬೆಳೆ ಅವನದಲ್ಲ, ಆದರೆ ಯಾವ ಗದ್ದೆಗೆ ಯಾವಾಗ ಎಷ್ಟು ನೀರು ಅನ್ನುವುದು ಅವನ ಕೈಯಲ್ಲಿ. ಚರ್ಮದಲ್ಲಿ ವಿಂಟ್ ಅನ್ನುವ ಸಂಕೇತ “ಇಲ್ಲಿ ಕೂದಲ ಬುಡ ಬರಲಿ” ಅನ್ನುತ್ತದೆ, ಬಿಎಂಪಿ ಅನ್ನುವುದು ತಡೆಯುತ್ತದೆ. ಎರಡರ ಜೋರನ್ನೂ ಹೆಚ್ಚುಕಡಿಮೆ ಮಾಡುವುದರಲ್ಲಿ ಈ ಆರ್‌ಎನ್‌ಎಗಳ ಕೈಯಿದೆ.

ಇವು ಇಲ್ಲದಿದ್ದರೆ ಏನಾಗುತ್ತದೆ ಅಂತ 2006ರಲ್ಲಿ ಇಲಿಗಳಲ್ಲಿ ನೋಡಿದರು. ಮೈಕ್ರೋ ಆರ್‌ಎನ್‌ಎಗಳನ್ನು ಕತ್ತರಿಸಿ ತಯಾರು ಮಾಡುವ ಡೈಸರ್ ಅನ್ನುವ ಕಿಣ್ವವನ್ನು ಚರ್ಮದಲ್ಲಿ ಮಾತ್ರ ಇಲ್ಲದಂತೆ ಮಾಡಿದರು. ಕೂದಲ ಬುಡ ಚರ್ಮದ ಒಳಕ್ಕೆ ಇಳಿಯಬೇಕು ತಾನೇ? ಅದು ಮೇಲ್ಮುಖವಾಗಿ ಉಬ್ಬಿಕೊಂಡಿತು! ಇದನ್ನು ಓದಿದ ದಿನ ನನಗೆ ಬೇರೆ ಕೆಲಸವೇ ಹತ್ತಲಿಲ್ಲ.

ಈಗ ಕುರಿಯ ವಿಷಯಕ್ಕೆ ಬರೋಣ. ಸಾಕುಕುರಿಗಳ ಮೂಲವಾದ ಕಾಡಿನ ಕುರಿಗೆ ನಮ್ಮ ಕುರಿಗಳ ಹಾಗೆ ಉಣ್ಣೆ ಹೊದಿಕೆ ಇರುವುದಿಲ್ಲ, ಅದರದ್ದು ಒರಟು ಕೂದಲಿನ ಮೈ. ಹಾಗಾದರೆ ಉಣ್ಣೆ ಎಲ್ಲಿಂದ ಬಂತು? 2017ರಲ್ಲಿ ಫ್ರಾನ್ಸಿನ ಸಂಶೋಧಕರು ಇದಕ್ಕೊಂದು ಉತ್ತರ ಕೊಟ್ಟರು. ಇಐಎಫ್2ಎಸ್2 ಅನ್ನುವ ಒಂದು ಜೀನಿನ ನಕಲು ಎಂದೋ ಹೋಗಿ ಐಆರ್‌ಎಫ್2ಬಿಪಿ2 ಅನ್ನುವ ಇನ್ನೊಂದು ಜೀನಿನ ಬಾಲದಲ್ಲಿ ಕೂತುಬಿಟ್ಟಿದೆ, ಅದೂ ತಿರುಗಾಮುರುಗಾ. ಆ ಬಾಲ ಪ್ರೋಟೀನ್ ಆಗುವ ಭಾಗವೇ ಅಲ್ಲ. ಆದರೆ ಆರ್‌ಎನ್‌ಎಯಲ್ಲಿ ಆ ತಿರುಗಾಮುರುಗಾ ತುಂಡು ಇರುತ್ತದಲ್ಲ, ಅದು ಮೂಲ ಜೀನಿನ ಆರ್‌ಎನ್‌ಎ ಸಿಕ್ಕಾಗ ಅಕ್ಷರಕ್ಕೆ ಅಕ್ಷರ ಕೂಡಿ ಅಂಟಿಕೊಳ್ಳುತ್ತದೆ. ಜೋಡಿ ಎಳೆ ಆಗುತ್ತದೆ, ಎರಡೂ ಜೀನುಗಳ ಕೆಲಸ ಏರುಪೇರಾಗುತ್ತದೆ. ಉದ್ದ ಒರಟು ಕೂದಲಿನ ಮೈ ಹೋಗಿ ಗಿಡ್ಡ ಉಣ್ಣೆಯ ಮೈ ಬರುತ್ತದೆ. ಅಂದರೆ ಎರಡು ಆರ್‌ಎನ್‌ಎ ಎಳೆಗಳು ಒಂದಕ್ಕೊಂದು ಅಂಟಿದ್ದರಿಂದ ಬಂದ ಗುಣ ಇದು.

ಪಶ್ಮೀನಾ ಮೇಕೆಗಳದ್ದು ಇನ್ನೊಂದು ಕಥೆ. ಲಡಾಖಿನ ಚಾಂಗ್‌ಥಾಂಗ್, 4,000 ಮೀಟರಿಗೂ ಮೇಲೆ. ಹಗಲು ಗಿಡ್ಡವಾಗುತ್ತಾ ಬಂದ ಹಾಗೆ ಒಳಗಿನ ನವಿರು ಕೂದಲು ಬೆಳೆಯುತ್ತದೆ, ವಸಂತದಲ್ಲಿ ಬಾಚಿ ತೆಗೆಯುತ್ತಾರೆ. ಒಂದೊಂದು ಎಳೆಯ ದಪ್ಪ 12ರಿಂದ 15 ಮೈಕ್ರಾನ್ ಅಷ್ಟೇ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು). ಚೀನಾದಲ್ಲಿ ಇದೇ ಥರದ ಕ್ಯಾಶ್ಮೀರ್ ಮೇಕೆಗಳ ಚರ್ಮದ ಚೂರನ್ನು ಬೇರೆ ಬೇರೆ ತಿಂಗಳಲ್ಲಿ ತೆಗೆದು, ಬೆಳೆಯುವಾಗ ಯಾವ ಆರ್‌ಎನ್‌ಎ ಜಾಸ್ತಿ, ಉದುರುವಾಗ ಯಾವುದು ಅಂತ ಹೋಲಿಸಿ ನೋಡುತ್ತಿದ್ದಾರೆ. ಪಟ್ಟಿ ಉದ್ದ ಇದೆ. ಆದರೆ ಪಟ್ಟಿಯಲ್ಲಿ ಹೆಸರು ಬಂದ ಮಾತ್ರಕ್ಕೆ ಅದೇ ಕಾರಣ ಅಂತಲ್ಲ. ಒಂದೊಂದನ್ನೂ ನಿಲ್ಲಿಸಿ, ಹೆಚ್ಚಿಸಿ ಪರೀಕ್ಷೆ ಮಾಡಬೇಕು. ಅದು ನಿಧಾನದ ಕೆಲಸ.

ಕುರಿ ಸಾಕುವವರಿಗೆ ಇವತ್ತೇ ಉಪಯೋಗಕ್ಕೆ ಬರುವ ವಿಷಯವೂ ಇದರಲ್ಲಿದೆ. ಗಬ್ಬದ ಕೊನೆಯ ಎರಡು ತಿಂಗಳು ತಾಯಿಗೆ ಮೇವು ಸಾಲದೆ ಹೋದರೆ ಮರಿಯ ಸೆಕೆಂಡರಿ ಬುಡಗಳಿಗೆ ಪೆಟ್ಟು ಬೀಳುತ್ತದೆ. ಆಮೇಲೆ ಎಷ್ಟು ತಿನ್ನಿಸಿದರೂ ಆ ನಷ್ಟ ಪೂರ್ತಿ ತುಂಬುವುದಿಲ್ಲ.

ಅಜ್ಜನಿಗೆ ಇದನ್ನು ಹೇಳಿದೆ. ಅವರು ಕೇಳಿದ್ದು ತುಪ್ಪಟದ ರೇಟು. ಕತ್ತರಿಸುವ ಕೂಲಿಯೂ ಹುಟ್ಟುವುದಿಲ್ಲವಂತೆ, ಮಾಂಸಕ್ಕಾಗಿ ಉಣ್ಣೆ ಇಲ್ಲದ ತಳಿಯ ಟಗರು ಬಿಡುವವರು ಜಾಸ್ತಿ ಆಗಿದ್ದಾರಂತೆ. ಅವರ ಮಾತಿನಲ್ಲಿ ನ್ಯಾಯ ಇದೆ. ಆದರೆ ಮಿಶ್ರವಾಗುತ್ತಾ ಹೋದರೆ ಈ ಕರಿ ಕಂಬಳಿಯ ಕುರಿಯ ಚರ್ಮದಲ್ಲಿ ಏನು ಬರೆದಿತ್ತು ಅಂತ ಆಮೇಲೆ ಓದುವುದಕ್ಕೆ ಆಗುವುದಿಲ್ಲ. ಪರೀಕ್ಷೆಗೆ ಬೇಕಾಗಿರುವುದು ಕೆಲವೇ ಮಿಲಿಮೀಟರ್ ಚರ್ಮ, ಕುರಿಯ ಜೀವಕ್ಕೇನೂ ಅಪಾಯವಿಲ್ಲ. ಪಶುವೈದ್ಯ ಕಾಲೇಜುಗಳಲ್ಲಿ ಪ್ರಾಜೆಕ್ಟಿಗೆ ವಿಷಯ ಹುಡುಕುತ್ತಿರುವವರು ಈ ವಿಡಿಯೋ ನೋಡುತ್ತಿದ್ದರೆ, ದಯವಿಟ್ಟು ಡೆಕ್ಕನಿ ಕುರಿಯಿಂದ ಶುರು ಮಾಡಿ. ಹಟ್ಟಿಗೆ ಕರೆದುಕೊಂಡು ಹೋಗುವ ಜವಾಬ್ದಾರಿ ನನ್ನದು.