ಗಿರಣಿಯ ಹೊಗೆ, ಗುಡ್ಡದ ಕೆಸರು

ಕೇಳುಗರಿಗೆ ನಮಸ್ಕಾರ.

ಇಂಗ್ಲೆಂಡಿನಲ್ಲಿ ಮ್ಯಾಂಚೆಸ್ಟರ್ ಮತ್ತು ಶೆಫೀಲ್ಡ್ ಊರುಗಳ ನಡುವೆ ಕಿಂಡರ್ ಸ್ಕೌಟ್ ಅಂತ ಒಂದು ಗುಡ್ಡ ಇದೆ. ಎತ್ತರ 636 ಮೀಟರ್. ನಗಬೇಡಿ. ನಮ್ಮ ಬೆಂಗಳೂರಿನ ಮೆಜೆಸ್ಟಿಕ್ ಬಸ್ ನಿಲ್ದಾಣ ಕೂಡ ಸಮುದ್ರ ಮಟ್ಟದಿಂದ ಇದಕ್ಕಿಂತ ಎತ್ತರದಲ್ಲಿದೆ. ಮುಳ್ಳಯ್ಯನಗಿರಿಯ ಪಕ್ಕ ನಿಲ್ಲಿಸಿದರೆ ಮೂರನೇ ಒಂದು ಪಾಲು ಅಷ್ಟೆ. ಆದರೂ ಅದನ್ನು ಏರಿ ಇಳಿದು ಬಂದವರ ಅವತಾರ ನೋಡಬೇಕು. ಮೊಣಕಾಲಿನ ತನಕ ಕಪ್ಪು ಕೆಸರು. ಮೂಗು ಕೆಂಪಗೆ. ಜೇಬಿನಲ್ಲಿಟ್ಟ ಬಿಸ್ಕತ್ತು ನೆನೆದು ಹಿಟ್ಟಾಗಿರುತ್ತದೆ. ಮುಂದಿನ ಭಾನುವಾರ ಮತ್ತೆ ಹೊರಡುತ್ತಾರೆ.

ಕೆಲಸದ ನೆಪದಲ್ಲಿ ಕೆಲವು ವರ್ಷ ಮ್ಯಾಂಚೆಸ್ಟರಿನಲ್ಲಿದ್ದಾಗ ನನಗೂ ಈ ಹುಚ್ಚು ಅಂಟಿಕೊಂಡಿತ್ತು. ಇವತ್ತು ಆ ಗುಡ್ಡದ ಕೆಸರಿನ ಬಗ್ಗೆಯೇ ನಾಲ್ಕು ಮಾತು. ಯಾಕೆಂದರೆ ಅದು ಬರೀ ಮಳೆಯಿಂದ ಆದ ಕೆಸರಲ್ಲ. ಅದನ್ನು ಮಾಡಿದವರು ಬೇರೆ ಇದ್ದಾರೆ.

ಮ್ಯಾಂಚೆಸ್ಟರಿನಿಂದ ರೈಲು ಹತ್ತಿದರೆ ಮುಕ್ಕಾಲು ಗಂಟೆಯಲ್ಲಿ ಈಡೇಲ್ ಎಂಬ ಸಣ್ಣ ಹಳ್ಳಿ. ಕಲ್ಲಿನ ಮನೆಗಳು, ಒಂದು ಚರ್ಚು, ಕುರಿ ಮೇಯುವ ಹಸಿರು ಹೊಲಗಳು. ಪೆನೈನ್ ವೇ ಅನ್ನುವ ಕಾಲುಹಾದಿ ಶುರುವಾಗುವುದು ಇಲ್ಲಿಂದಲೇ. 268 ಮೈಲಿ ಉತ್ತರಕ್ಕೆ ಹೋಗಿ, ಸ್ಕಾಟ್ಲೆಂಡಿನ ಗಡಿ ದಾಟಿ ಮುಗಿಯುತ್ತದೆ. ನಮಗೆ ಅಷ್ಟೆಲ್ಲ ಬೇಡ. ಅದರ ಮೊದಲ ದಿನದ ತುಣುಕು ಸಾಕು. ಈಡೇಲಿನಿಂದ ಏರಿ, ಗುಡ್ಡದ ಪಶ್ಚಿಮದ ಅಂಚಿನಲ್ಲೇ ನಡೆದು, ಆಚೆ ಹೇಫೀಲ್ಡ್ ಊರಿಗೆ ಇಳಿಯುವುದು. ಹದಿನೈದು ಕಿಲೋಮೀಟರಿನ ಆಚೀಚೆ ಆಗುತ್ತದೆ.

ಹೊರಡುವ ಮುಂಚೆ ಬಟ್ಟೆಯ ವಿಷಯ. ಅಲ್ಲಿ ನಡೆಯುವವರು ಹೊಸಬರಿಗೆ ಹೇಳಿಕೊಡುವ ಮೊದಲ ಪಾಠ, ಹತ್ತಿ ಬಟ್ಟೆ ಬೇಡ ಅನ್ನುವುದು. ಜೀನ್ಸ್ ಅಂತೂ ಬೇಡವೇ ಬೇಡ. ನೆನೆದರೆ ಭಾರ, ಒಣಗುವುದಿಲ್ಲ, ಗಾಳಿ ಬೀಸಿದರೆ ಮೈಯ ಶಾಖವನ್ನೆಲ್ಲ ಎಳೆದುಬಿಡುತ್ತದೆ. ಉಣ್ಣೆಯದೋ ಪಾಲಿಯೆಸ್ಟರಿನದೋ ಹಾಕಿಕೊಳ್ಳಬೇಕು. ಹತ್ತಿಯಿಂದಲೇ ಬೆಳೆದ ಊರಿನ ಪಕ್ಕದ ಗುಡ್ಡಕ್ಕೆ ಹತ್ತಿ ಬಟ್ಟೆ ಆಗಿಬರುವುದಿಲ್ಲ ಅಂದರೆ ತಮಾಷೆ ಅಲ್ವಾ?

ನಮ್ಮ ಮಲೆನಾಡಿನವರಿಗೆ ಒಂದು ಸಮಾಧಾನದ ಸುದ್ದಿ. ಎಷ್ಟೇ ಒದ್ದೆಯಾದರೂ ಅಲ್ಲಿ ಕಾಲಿಗೆ ಹತ್ತುವ ಉಂಬಳ ಇಲ್ಲ. ಉಣ್ಣಿ ಮಾತ್ರ ಇದೆ. ನಮ್ಮಲ್ಲಿ ಉಣ್ಣಿಯಿಂದ ಮಂಗನ ಕಾಯಿಲೆ ಬಂದ ಹಾಗೆ ಅಲ್ಲಿ ಲೈಮ್ ಕಾಯಿಲೆ ಬರಬಹುದು. ಪ್ಯಾಂಟನ್ನು ಸಾಕ್ಸಿನೊಳಗೆ ತೂರಿಸಿಕೊಂಡೇ ನಡೆಯುವುದು ಒಳ್ಳೆಯದು.

ಹೊಲಗಳನ್ನು ದಾಟಿದ ಮೇಲೆ ಒಂದು ಹಳ್ಳ, ಅದರ ಮೇಲೆ ಪುಟ್ಟ ಕಲ್ಲಿನ ಸೇತುವೆ. ಹಿಂದೆ ಹೇರು ಹೊತ್ತ ಕುದುರೆಗಳು ದಾಟುತ್ತಿದ್ದ ಸೇತುವೆ ಅದು. ಅಲ್ಲಿಂದ ಶುರು ಜೇಕಬ್ಸ್ ಲ್ಯಾಡರ್ ಅನ್ನುವ ಏರು. ಕಲ್ಲು ಜೋಡಿಸಿದ ಮೆಟ್ಟಿಲುಗಳು. ಈ ಇಡೀ ನಡಿಗೆಯಲ್ಲಿ ನಿಜವಾಗಿ ಎದೆ ಹೊಡೆದುಕೊಳ್ಳುವುದು ಇಲ್ಲಿ ಮಾತ್ರ. ಜಾಕೆಟ್ ಬಿಚ್ಚಿ ಸೊಂಟಕ್ಕೆ ಕಟ್ಟಿಕೊಳ್ಳುತ್ತೀರಿ. ಏರು ಮುಗಿದ ಕೂಡಲೇ ಗಾಳಿ ಮುಖಕ್ಕೆ ಬಡಿಯುತ್ತದೆ. ಮತ್ತೆ ಜಾಕೆಟ್.

ಹವೆ ಹೀಗೆ ಆಡುವುದಕ್ಕೆ ಕಾರಣ ಇದೆ. ಅಟ್ಲಾಂಟಿಕ್ ಸಾಗರದ ಕಡೆಯಿಂದ ತೇವ ಹೊತ್ತ ಗಾಳಿ ಪಶ್ಚಿಮದಿಂದ ಬರುತ್ತದೆ. ಮ್ಯಾಂಚೆಸ್ಟರಿನ ಬಯಲು ದಾಟಿದ ಮೇಲೆ ಅದಕ್ಕೆ ಅಡ್ಡ ಸಿಗುವ ಗೋಡೆ ಇದು. ಗಾಳಿ ಮೇಲೇರುತ್ತದೆ, ತಣ್ಣಗಾಗುತ್ತದೆ, ಮೋಡ ಕಟ್ಟುತ್ತದೆ, ಸುರಿಯುತ್ತದೆ. ಪಶ್ಚಿಮ ಘಟ್ಟದಲ್ಲಿ ನಡೆಯುವುದೂ ಇದೇ. ಘಟ್ಟದ ಆಚೆ ಮಳೆ ಕಡಿಮೆ ಇರುವ ಹಾಗೆ, ಈ ಗುಡ್ಡಗಳ ಆಚೆಗೂ ಪೂರ್ವಕ್ಕೆ ಹೋದಂತೆ ಮಳೆ ಕಡಿಮೆ. ಆದರೆ ನಮ್ಮಲ್ಲಿ ಮಳೆಗೆ ಒಂದು ಕಾಲ ಅಂತಿದೆ. ಆರಿದ್ರೆ ಯಾವಾಗ, ಪುನರ್ವಸು ಯಾವಾಗ ಅಂತ ಲೆಕ್ಕ ಹಾಕಬಹುದು. ಅಲ್ಲಿ ಲೆಕ್ಕವೇ ಇಲ್ಲ. ಮೇ ತಿಂಗಳಲ್ಲೂ ಒಂದೇ ಮಧ್ಯಾಹ್ನದೊಳಗೆ ಬಿಸಿಲು, ಮಂಜು, ಅಡ್ಡಡ್ಡ ಬೀಸುವ ಸೋನೆ, ಕೆನ್ನೆಗೆ ಚುಚ್ಚುವ ಆಲಿಕಲ್ಲು, ಮತ್ತೆ ಬಿಸಿಲು ಎಲ್ಲ ಬಂದು ಹೋಗಬಹುದು. ಬೆಳಿಗ್ಗೆ ಆಕಾಶ ನೋಡಿ ಕೊಡೆ ತರುವವರೂ ಇದ್ದಾರೆ. ಮೇಲಿನ ಗಾಳಿ ಅದನ್ನು ಒಂದು ನಿಮಿಷ ಉಳಿಸುವುದಿಲ್ಲ.

ಈಗ ಗುಡ್ಡದ ತಲೆಗೆ ಬಂದೆವು. ತಲೆ ಅಂದೆ, ಶಿಖರ ಅನ್ನಲಿಲ್ಲ. ಕಿಂಡರಿಗೆ ಶಿಖರ ಅನ್ನುವಂಥದ್ದು ಇಲ್ಲ. ಮೇಲೆ ಹೋದರೆ ಹಲವು ಮೈಲಿ ಹರಡಿರುವ ಚಪ್ಪಟೆ ಬಯಲು. ಅತಿ ಎತ್ತರದ ಜಾಗ ಯಾವುದು ಅಂತ ಹುಡುಕಿದರೆ ಕೆಸರಿನ ನಡುವೆ ಒಂದಷ್ಟು ಕಲ್ಲು ಗುಡ್ಡೆ ಹಾಕಿದ್ದು ಸಿಗುತ್ತದೆ. ಫೋಟೋ ತೆಗೆಸಿಕೊಳ್ಳಲೂ ಮನಸ್ಸು ಬರುವುದಿಲ್ಲ.

ಆ ಬಯಲಿನ ತುಂಬ ಪೀಟ್. ನರ್ಸರಿಯಲ್ಲಿ ಸಿಗುವ ಕೋಕೋಪೀಟ್ ತೆಂಗಿನ ನಾರಿನದು. ಇದು ನೆಲದಲ್ಲಿ ತಾನಾಗಿ ಬೆಳೆದ ಪೀಟ್. ಸ್ಫ್ಯಾಗ್ನಮ್ ಅಂತ ಒಂದು ಹಾವಸೆ ಇದೆ. ಒಣಗಿದ ತನ್ನ ತೂಕದ ಇಪ್ಪತ್ತು ಪಟ್ಟು ನೀರನ್ನು ಅದು ಹಿಡಿದಿಡಬಲ್ಲದು. ನೀರು ನಿಂತ ನೆಲ, ತಂಪು ಹವೆ, ಹುಳಿ ಗುಣದ ಮಣ್ಣು. ಅಲ್ಲಿ ಗಾಳಿ ಆಡುವುದಿಲ್ಲ. ಹಾಗಾಗಿ ಸತ್ತ ಹಾವಸೆ ಪೂರ್ತಿ ಕೊಳೆಯುವುದಿಲ್ಲ. ಅದರ ಮೇಲೆ ಹೊಸದು ಬೆಳೆಯುತ್ತದೆ. ವರ್ಷಕ್ಕೆ ಹೆಚ್ಚುಕಡಿಮೆ ಒಂದು ಮಿಲಿಮೀಟರ್ ಪೀಟ್ ಸೇರುತ್ತದೆ. ಕಿಂಡರಿನಲ್ಲಿ ಕೆಲವು ಕಡೆ ಎರಡು ಮೂರು ಮೀಟರ್ ಆಳ ಇದೆ. ಎಷ್ಟು ಸಾವಿರ ವರ್ಷದ ಕೆಲಸ ಅಂತ ನೀವೇ ಲೆಕ್ಕ ಹಾಕಿ.

ಆಗುಂಬೆಯಲ್ಲಿ ಇದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಮಳೆ. ಅಲ್ಲಿ ಯಾಕೆ ಪೀಟ್ ಇಲ್ಲ? ನಮ್ಮ ಸೆಕೆಗೆ ಬಿದ್ದ ಎಲೆ ಬೇಗ ಕೊಳೆತು ಮಣ್ಣಾಗಿಬಿಡುತ್ತದೆ. ಇಂಥ ಹಾವಸೆಯ ಪೀಟಿಗೆ ಧಾರಾಕಾರ ಮಳೆ ಬೇಕಿಲ್ಲ. ಚಳಿ ಮತ್ತು ಎಂದೂ ಆರದ ಒದ್ದೆ ಬೇಕು.

ಬಯಲು ಅಂದೆನಲ್ಲ, ದೂರದಿಂದ ಮಾತ್ರ ಬಯಲು. ಒಳಗೆ ಹೊಕ್ಕರೆ ಎಲ್ಲಿ ನೋಡಿದರೂ ಕೊರಕಲು. ಗ್ರಫ್ ಅನ್ನುತ್ತಾರೆ ಅಲ್ಲಿಯವರು. ಒಂದಾಳು, ಒಂದೂವರೆ ಆಳು ಆಳದ ಕೊರಕಲುಗಳು ಅಂಕುಡೊಂಕಾಗಿ ಒಂದರೊಳಗೊಂದು ಸೇರಿಕೊಂಡಿವೆ. ಒಂದಕ್ಕೆ ಜಾರಿ ಇಳಿಯಬೇಕು. ತಳದಲ್ಲಿ ಹರಿಯುವ ನೀರು ಕಾಫಿ ಡಿಕಾಕ್ಷನ್ನಿನ ಬಣ್ಣ. ಅದನ್ನು ದಾಟಿ ಎದುರಿನ ದಂಡೆಯನ್ನು ಕೈ ಊರಿ ಹತ್ತಬೇಕು. ಹತ್ತಿ ನಿಂತರೆ ಮುಂದೆ ಇನ್ನೊಂದು. ನೇರವಾಗಿ ಹೋಗುತ್ತೇನೆ ಅಂದರೆ ಆಗುವುದಿಲ್ಲ. ಕಾಲಿಡುವ ಮುಂಚೆ ಕೋಲಿನಿಂದ ಒತ್ತಿ ನೋಡುವುದು ವಾಸಿ. ಬೇಸಿಗೆಯ ಶುರುವಿನಲ್ಲಿ ಬಿಳಿ ಹತ್ತಿಯಂಥ ಕುಚ್ಚು ಬಿಡುವ ಒಂದು ಹುಲ್ಲು ಬೆಳೆಯುತ್ತದೆ, ಕಾಟನ್ ಗ್ರಾಸ್ ಅಂತ. ಗಾಳಿಗೆ ತೂಗುವಾಗ ನೋಡಲು ಬಲು ಚೆಂದ. ಅದು ದಟ್ಟವಾಗಿರುವ ಕಡೆ ನೆಲ ಒದ್ದೆ ಅಂತಲೇ ತಿಳಿಯಬೇಕು.

ಇಷ್ಟರ ಮೇಲೆ ಮಂಜು ಕವಿದರೆ ದಿಕ್ಕು ತಪ್ಪುವುದು ಖಂಡಿತ. ಎಲ್ಲ ಕೊರಕಲೂ ಒಂದೇ ತರಹ. ನಕ್ಷೆ, ದಿಕ್ಸೂಚಿ ಎರಡೂ ಚೀಲದಲ್ಲಿರಬೇಕು. ಚಳಿಗೆ ಮೊಬೈಲ್ ಬ್ಯಾಟರಿ ಬೇಗ ಇಳಿಯುತ್ತದೆ. ಇದು ಸುಮ್ನೆ ಹೆದರಿಸುವ ಮಾತಲ್ಲ. 1964ರ ಮಾರ್ಚಿನಲ್ಲಿ ಈ ಗುಡ್ಡಗಳಲ್ಲಿ ಫೋರ್ ಇನ್ಸ್ ಅನ್ನುವ ನಡಿಗೆಯ ಸ್ಪರ್ಧೆ ನಡೆದಿತ್ತು. ಹವೆ ಕೆಟ್ಟು ಮೂವರು ತರುಣರು ಚಳಿ ಮಳೆಗೆ ಸಿಕ್ಕಿ ಸತ್ತರು. ಆಮೇಲೆಯೇ ಈ ಭಾಗದ ಗುಡ್ಡ ರಕ್ಷಣಾ ತಂಡಗಳು ಒಂದು ವ್ಯವಸ್ಥೆಗೆ ಬಂದವು. ಇವತ್ತಿಗೂ ಆ ತಂಡದವರು ಸಂಬಳವಿಲ್ಲದ ಸ್ವಯಂಸೇವಕರು. ರಾತ್ರಿ ಊಟ ಬಿಟ್ಟು ಎದ್ದು ಹೋಗುತ್ತಾರೆ.

ಈಗ ಕೆಸರಿನ ವಿಷಯಕ್ಕೆ ಬರೋಣ. ಪೀಟ್ ತನ್ನಷ್ಟಕ್ಕೆ ಇದ್ದರೆ ಇಷ್ಟು ಕೊರೆದುಹೋಗುವುದಿಲ್ಲ. ಮೇಲೆ ಹಾವಸೆಯ ಹೊದಿಕೆ ಇರುತ್ತದೆ. ಆ ಹೊದಿಕೆ ಹರಿದದ್ದು ಹೇಗೆ? ಹತ್ತೊಂಬತ್ತನೇ ಶತಮಾನದಲ್ಲಿ ಮ್ಯಾಂಚೆಸ್ಟರ್ ಸುತ್ತ ಗಿರಣಿಗಳು ಎದ್ದವು. ಎಲ್ಲದಕ್ಕೂ ಕಲ್ಲಿದ್ದಲೇ ಉರುವಲು. ಆ ಹೊಗೆಯೊಳಗಿನ ಗಂಧಕ ಮಳೆಯ ಜೊತೆ ಸೇರಿ ಗುಡ್ಡದ ಮೇಲೆ ಬಿತ್ತು. ಗಂಧಕವನ್ನು ಸ್ಫ್ಯಾಗ್ನಮ್ ತಾಳುವುದಿಲ್ಲ. ದಶಕಗಳ ಕಾಲ ಹೊಗೆ ಕುಡಿದು ಸತ್ತಿತು. ಬರಿಮೈಯಾದ ಪೀಟನ್ನು ಬೆಂಕಿ ಸುಟ್ಟಿತು, ಕುರಿ ತುಳಿದವು, ಮಳೆ ಕೊಚ್ಚಿತು. ನಡೆಯುವವರ ಬೂಟುಗಳೂ ತಮ್ಮ ಪಾಲು ಸೇರಿಸಿದವು ಬಿಡಿ.

ಗಿರಣಿ ಅಂದಮೇಲೆ ಹತ್ತಿ ಎಲ್ಲಿಂದ ಬಂತು ಅಂತ ಕೇಳಬೇಕಲ್ಲ? ಬಹುಪಾಲು ಅಮೆರಿಕದಿಂದ. 1861ರಲ್ಲಿ ಅಲ್ಲಿ ಅಂತರ್ಯುದ್ಧ ಶುರುವಾಗಿ ಹತ್ತಿಯ ಹಡಗುಗಳು ನಿಂತವು. ಗಿರಣಿಗಳು ಬಾಗಿಲು ಹಾಕಿದವು, ಕಾರ್ಮಿಕರ ಮನೆಯಲ್ಲಿ ಒಲೆ ಉರಿಯಲಿಲ್ಲ. ಆಗ ಧಾರವಾಡ, ಹುಬ್ಬಳ್ಳಿ, ಗದಗ ಸೀಮೆಯ ಎರೆ ಹೊಲದ ಹತ್ತಿಗೆ ಎಂದೂ ಇಲ್ಲದ ಬೆಲೆ ಬಂತು. ಕುಮಟಾ ಬಂದರಿನಿಂದ ಹೋಗುತ್ತಿದ್ದುದಕ್ಕೆ ವ್ಯಾಪಾರಿಗಳು ಅದನ್ನು ಕುಮಟಾ ಹತ್ತಿ ಅಂತಲೇ ಕರೆಯುತ್ತಿದ್ದರು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತ್ಯದಿಂದ ತೆಗೆದು ಬೊಂಬಾಯಿ ಪ್ರಾಂತ್ಯಕ್ಕೆ ಸೇರಿಸಿದ್ದರ ಹಿಂದೆ ಕಾರವಾರದಿಂದ ಹತ್ತಿ ಸಾಗಿಸುವ ಲೆಕ್ಕಾಚಾರವೂ ಇತ್ತು. ಭಾರತದ ಹತ್ತಿಯ ಎಳೆ ಗಿಡ್ಡ. ಪದೇ ಪದೇ ಕಿತ್ತುಹೋಗುತ್ತಿತ್ತು. ಅಲ್ಲಿಯ ಕಾರ್ಮಿಕರು ಅದನ್ನು ಬೈದುಕೊಂಡೇ ನೂತರು. ಯುದ್ಧ ಮುಗಿಯಿತು, ಬೆಲೆ ಬಿತ್ತು, ನಮ್ಮ ರೈತರನ್ನು ಕೇಳುವವರಿಲ್ಲವಾಯಿತು. ಕಿಂಡರಿನ ಹಾವಸೆಯನ್ನು ಕೊಂದ ಹೊಗೆಯಲ್ಲಿ ನಮ್ಮ ಎರೆ ಹೊಲದ ಪಾಲೂ ಒಂದಿಷ್ಟಿದೆ ಅಂತ ನಾನು ಅಂದುಕೊಳ್ಳುತ್ತೇನೆ.

ಗಿರಣಿಗಳು ಈಗ ಇಲ್ಲ. ಎಷ್ಟನ್ನೋ ಕೆಡವಿದರು. ಕೆಡವಿದಾಗ ನೆಲಕ್ಕೆ ಹಾಸಿದ್ದ ದೊಡ್ಡ ದೊಡ್ಡ ಚಪ್ಪಡಿಗಳು ಉಳಿದವು. ಅವನ್ನು ಹೆಲಿಕಾಪ್ಟರಿನಲ್ಲಿ ತೂಗುಹಾಕಿ ಈ ಗುಡ್ಡಗಳಿಗೆ ತಂದು, ಪೆನೈನ್ ವೇಯ ಜೌಗು ಜಾಗಗಳಲ್ಲಿ ಹಾಸಿದ್ದಾರೆ. ಕೆಲವು ಚಪ್ಪಡಿಗಳಲ್ಲಿ ಯಂತ್ರಗಳನ್ನು ಬೋಲ್ಟ್ ಹಾಕಿ ಕೂರಿಸಿದ್ದ ತೂತುಗಳು ಇನ್ನೂ ಇವೆ. ಹಾದಿಗೆ ಕಲ್ಲು ಹಾಸಿ ಗುಡ್ಡದ ಅಂದ ಕೆಡಿಸಿದರು ಅಂತ ಗೊಣಗುವ ಹಳಬರು ಅಲ್ಲಿ ಸಿಗುತ್ತಾರೆ. ನಾನು ಒಪ್ಪುವುದಿಲ್ಲ. ಗಿರಣಿ ಮಾಡಿದ ಗಾಯದ ಮೇಲೆ ಗಿರಣಿಯದೇ ಕಲ್ಲು ಬಿದ್ದಿದೆ. ಅದಕ್ಕಿಂತ ಸರಿಯಾದ ಜಾಗ ಆ ಕಲ್ಲಿಗೆ ಬೇರೆ ಯಾವುದು? ಜನ ಕಲ್ಲಿನ ಮೇಲೆ ನಡೆದರೆ ಪಕ್ಕದ ನೆಲ ಚಿಗುರುತ್ತದೆ.

2003ರಿಂದ ಮೂರ್ಸ್ ಫಾರ್ ದಿ ಫ್ಯೂಚರ್ ಅನ್ನುವ ಸಂಸ್ಥೆ ಈ ಬೋಳು ಪೀಟಿಗೆ ಮತ್ತೆ ಹಸಿರು ಹೊದಿಸುವ ಕೆಲಸ ಮಾಡುತ್ತಿದೆ. ಸುಣ್ಣ ಹಾಕಿ ಹುಳಿ ತಗ್ಗಿಸುತ್ತಾರೆ. ಹುಲ್ಲಿನ ಬೀಜ ಎರಚುತ್ತಾರೆ. ಕೊರಕಲುಗಳಿಗೆ ಅಡ್ಡ ಕಲ್ಲಿನ ಒಡ್ಡು ಕಟ್ಟುತ್ತಾರೆ, ನಮ್ಮ ಕಡೆ ಹೊಲದ ಮಣ್ಣು ಉಳಿಸಲು ಕಟ್ಟುತ್ತಾರಲ್ಲ, ಅದೇ ಉಪಾಯ. ನೀರು ನಿಂತ ಮೇಲೆ ಸ್ಫ್ಯಾಗ್ನಮ್ ಸಸಿಗಳನ್ನು ಕೈಯಿಂದ ನೆಡುತ್ತಾರೆ. ಇದರಿಂದ ಮಳೆ ನೀರು ನಿಧಾನ ಇಳಿದು ಕೆಳಗಿನ ಊರುಗಳ ಪ್ರವಾಹ ತಗ್ಗುತ್ತದೆ. ಪೀಟಿನೊಳಗಿನ ಇಂಗಾಲವೂ ಗಾಳಿಗೆ ಸೇರದೆ ಉಳಿಯುತ್ತದೆ.

ಅಂಚಿನ ಹಾದಿಯಲ್ಲಿ ಮುಂದೆ ಹೋದರೆ ಕಿಂಡರ್ ಡೌನ್‌ಫಾಲ್. ಮೂವತ್ತು ಮೀಟರಿನ ಜಲಪಾತ. ಜೋಗ ಕಂಡವರು ಇದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಆದರೆ ಪಶ್ಚಿಮದ ಗಾಳಿ ಜೋರಾಗಿ ಬೀಸುವ ದಿನ ಬನ್ನಿ. ಕೆಳಗೆ ಬೀಳಬೇಕಾದ ನೀರನ್ನು ಗಾಳಿ ಎತ್ತಿ ವಾಪಸ್ ಮೇಲಕ್ಕೇ ಎಸೆಯುತ್ತದೆ. ಆಕಾಶ ಶುಭ್ರವಾಗಿದ್ದರೂ ಹಾದಿಯಲ್ಲಿ ನಿಂತವರಿಗೆ ಮಳೆ. ದೂರದ ಊರುಗಳಿಗೂ ಆ ತುಂತುರಿನ ಧೂಮ ಕಾಣುತ್ತದೆ. ಚಳಿಗಾಲದ ಕೊನೆಗೆ ಈ ಬಂಡೆಗಳ ನಡುವೆ ಬಿಳಿ ಮೊಲವೂ ಕಾಣಬಹುದು. ಹಿಮಕ್ಕೆ ಹೊಂದುವಂತೆ ಬೆಳ್ಳಗಾಗುವ ಮೊಲ. ಹಿಮ ಕರಗಿದ ಮೇಲೂ ಸ್ವಲ್ಪ ದಿನ ಹಾಗೇ ಇದ್ದು, ಕಪ್ಪು ಪೀಟಿನ ಮೇಲೆ ಪಾಪ, ಎಲ್ಲರ ಕಣ್ಣಿಗೂ ಬೀಳುತ್ತದೆ.

ಇಳಿಯುವ ಹಾದಿಗೆ ಇನ್ನೊಂದು ಕಥೆ ಇದೆ. ಒಂದು ಕಾಲದಲ್ಲಿ ಈ ಗುಡ್ಡಕ್ಕೆ ಯಾರೂ ಕಾಲಿಡುವಂತಿರಲಿಲ್ಲ. ಡ್ಯೂಕ್ ಆಫ್ ಡೆವನ್‌ಶೈರ್ ಮುಂತಾದ ಜಮೀನ್ದಾರರ ಸ್ವತ್ತು. ಗ್ರೌಸ್ ಎಂಬ ಹಕ್ಕಿಯ ಬೇಟೆಗೆ ಕಾದಿಟ್ಟ ಜಾಗ. ವರ್ಷದಲ್ಲಿ ಕೆಲವೇ ದಿನ ಬಂದೂಕು ಹಿಡಿದು ಬರುತ್ತಿದ್ದರು, ಉಳಿದ ದಿನ ಕಾವಲುಗಾರರು. ವಾರವೆಲ್ಲ ಹೊಗೆ ಕುಡಿಯುವ ಕಾರ್ಮಿಕರಿಗೆ ಭಾನುವಾರ ಒಂದು ದಿನ ಒಳ್ಳೆಯ ಗಾಳಿ ಬೇಕಿತ್ತು. 1932ರ ಏಪ್ರಿಲ್ 24ರಂದು ಕೆಲವು ನೂರು ಜನ ಹೇಫೀಲ್ಡಿನ ಕಲ್ಲುಕ್ವಾರಿಯಲ್ಲಿ ಸೇರಿ, ಹಾಡು ಹೇಳುತ್ತ ಗುಡ್ಡ ಏರಿದರು. ಮುಂದೆ ನಿಂತವನು ಬೆನ್ನಿ ರಾತ್‌ಮನ್ ಅನ್ನುವ ಇಪ್ಪತ್ತು ವರ್ಷದ ಹುಡುಗ. ಕಾವಲುಗಾರರ ಜೊತೆ ತಳ್ಳಾಟ ಆಯಿತು. ಇಳಿದು ಬರುತ್ತಿದ್ದ ಹಾಗೆ ಪೊಲೀಸರು ಹಿಡಿದರು. ಅತಿಕ್ರಮ ಪ್ರವೇಶ ಅಪರಾಧವೇ ಆಗಿರಲಿಲ್ಲ. ಹಾಗಾಗಿ ದೊಂಬಿಯ ಆರೋಪ ಹೊರಿಸಿದರು. ಐವರಿಗೆ ಜೈಲಾಯಿತು. ರಾತ್‌ಮನ್‌ಗೆ ನಾಲ್ಕು ತಿಂಗಳು.

ಶಿಕ್ಷೆ ಜಾಸ್ತಿಯಾಯಿತು ಅಂತ ಗದ್ದಲ ಎದ್ದಿತು. ಅದುವರೆಗೆ ಸುಮ್ಮನಿದ್ದವರೂ ನಡೆಯುವವರ ಪರ ಮಾತಾಡತೊಡಗಿದರು. 1949ರಲ್ಲಿ ರಾಷ್ಟ್ರೀಯ ಉದ್ಯಾನಗಳ ಕಾನೂನು ಬಂತು. 1951ರಲ್ಲಿ ಈ ಪೀಕ್ ಡಿಸ್ಟ್ರಿಕ್ಟ್ ಬ್ರಿಟನ್ನಿನ ಮೊದಲ ರಾಷ್ಟ್ರೀಯ ಉದ್ಯಾನ ಆಯಿತು. ಹಾದಿ ಬಿಟ್ಟು ಬಯಲಿನಲ್ಲಿ ಎಲ್ಲಿ ಬೇಕಾದರೂ ನಡೆಯುವ ಹಕ್ಕು ಸಿಗಲು 2000ದ ಕಾನೂನಿನ ತನಕ ಕಾಯಬೇಕಾಯಿತು. 2002ರ ಏಪ್ರಿಲಿನಲ್ಲಿ ಆ ಕ್ವಾರಿಯಲ್ಲೇ ಎಪ್ಪತ್ತನೇ ವರ್ಷದ ನೆನಪಿನ ಸಭೆ. ಆಗಿನ ಡ್ಯೂಕ್ ಬಂದು ತನ್ನ ಅಜ್ಜನ ನಡತೆಗೆ ಎಲ್ಲರೆದುರು ಕ್ಷಮೆ ಕೇಳಿದರು. ರಾತ್‌ಮನ್ ಅದೇ ಜನವರಿಯಲ್ಲಿ ತೀರಿಕೊಂಡಿದ್ದರು.

ಆ ಕ್ವಾರಿ ಈಗ ಕಾರು ನಿಲ್ಲಿಸುವ ಜಾಗ. ಬಂಡೆಯ ಮೇಲೆ ಒಂದು ಫಲಕ ಇದೆ, ನಿಂತು ಓದಿ. ಅಲ್ಲಿಂದ ಹೇಫೀಲ್ಡ್ ಊರು ಹತ್ತಿರ. ರೈಲು 1970ರಲ್ಲೇ ನಿಂತುಹೋಯಿತು, ಬಸ್ಸೇ ಗತಿ. ಕೆಸರಿನ ಬೂಟು ಬಿಚ್ಚಿ ಪ್ಲಾಸ್ಟಿಕ್ ಚೀಲಕ್ಕೆ ಹಾಕಿಕೊಂಡು, ಬೇರೆ ಚಪ್ಪಲಿ ಮೆಟ್ಟಿಕೊಂಡು ಬಸ್ಸು ಹತ್ತಿ. ಡ್ರೈವರುಗಳು ಬೈಯುವುದಿಲ್ಲ, ಬರೀ ನೋಡುತ್ತಾರೆ.

ನಮಸ್ಕಾರ.