ಹಳೇ ನೀರು ಚೆಲ್ಲುವ ಮುಂಚೆ

ಎಲ್ಲರಿಗೂ ನಮಸ್ಕಾರ. ನಮ್ಮ ವಿಜಯಪುರದ ಓಣಿಗಳಲ್ಲಿ ನಳಕ್ಕೆ ನೀರು ಬರುವ ದಿನ ಏನಾಗುತ್ತದೆ ಅಂತ ನಿಮಗೆ ಗೊತ್ತೇ ಇದೆ. ಯಾರೋ ಒಬ್ಬರು ನೀರು ಬಂತು ಅಂತ ಕೂಗುತ್ತಾರೆ. ಮನೆಮನೆಯಿಂದ ಕೊಡ, ಬಕೆಟ್, ಬ್ಯಾರಲ್ ಎಲ್ಲ ಹೊರಗೆ ಬರುತ್ತವೆ. ಆಮೇಲೆ ಮೊದಲು ನಡೆಯುವ ಕೆಲಸ ಅಂದರೆ, ಹೋದ ಸಲ ತುಂಬಿಟ್ಟು ಉಳಿದ ನೀರನ್ನು ಗಟಾರಕ್ಕೆ ಚೆಲ್ಲೋದು. ಯಾಕೆ ಅಂತ ಕೇಳಿದರೆ "ಹಳೇ ನೀರು ಯಾಕ ಕುಡೀಬೇಕ್ರಿ, ಹೊಸಾದು ಬಂದೈತಲ್ಲ" ಅನ್ನುತ್ತಾರೆ. ಬೇಸಿಗೆಯಲ್ಲಿ ಒಂದು ಕೊಡ ನೀರಿಗೆ ಓಣಿಯಲ್ಲಿ ಜಗಳ ಆಗುವ ಊರಲ್ಲಿ, ನೀರು ಬಂದ ದಿನ ಗಟಾರ ತುಂಬಿ ಹರಿಯುತ್ತದೆ.

ಅವರನ್ನು ಬೈಯೋಕೆ ಈ ವಿಡಿಯೋ ಮಾಡುತ್ತಿಲ್ಲ. ತಮ್ಮ ಮನೆಯ ನೀರಲ್ಲಿ ಏನಿದೆ, ಏನಿಲ್ಲ ಅಂತ ಅವರಿಗೆ ಯಾರೂ ಹೇಳಿಲ್ಲ. ಗೊತ್ತಿಲ್ಲದವರು ಅಂದಾಜಿನ ಮೇಲೆ ಬದುಕುತ್ತಾರೆ. ಆ ಅಂದಾಜಿನಲ್ಲಿ ಒಳ್ಳೆಯ ನೀರು ಗಟಾರಕ್ಕೆ ಹೋಗುತ್ತದೆ, ಕೆಟ್ಟ ನೀರು ಹೊಟ್ಟೆಗೆ ಹೋಗುತ್ತದೆ. ನಮ್ಮ ಕಡೆ ನೀರು ಪೋಲಾಗೋದಕ್ಕೆ ದೊಡ್ಡ ಕಾರಣ ಇದೇ ಅಂತ ನನಗೆ ಅನ್ನಿಸುತ್ತದೆ.

ಹಳೇ ನೀರಿನ ವಿಷಯವನ್ನೇ ಮೊದಲು ನೋಡೋಣ. ನೀರು ಹಾಲಿನ ಹಾಗೆ ಎರಡು ದಿನಕ್ಕೆ ಒಡೆಯೋದಿಲ್ಲ. ತೊಳೆದ ಕೊಡದಲ್ಲಿ ಮುಚ್ಚಿಟ್ಟು, ಕೈ ಅದ್ದದೆ ಬಳಸಿದರೆ ಆ ನೀರು ಚೆನ್ನಾಗಿಯೇ ಇರುತ್ತದೆ. ಅದನ್ನು ಕೆಡಿಸೋದು ದಿನಗಳ ಲೆಕ್ಕಕ್ಕಿಂತ ಜಾಸ್ತಿ ನಮ್ಮ ಕೈ. ತಂಬಿಗೆ ಹಿಡಿದ ಬೆರಳು ಪ್ರತಿ ಸಲ ನೀರೊಳಗೆ ಮುಳುಗುತ್ತದಲ್ಲ, ಅದು. ಉದ್ದ ಹಿಡಿಕೆಯ ಸೌಟು ಇಟ್ಟರೆ, ಇಲ್ಲವೇ ಕೆಳಗೆ ನಳ ಇರುವ ಪಾತ್ರೆ ಇಟ್ಟರೆ ಅರ್ಧ ಸಮಸ್ಯೆ ಮುಗಿಯಿತು. ಹಾಗಂತ ಮುಚ್ಚದ ಬ್ಯಾರಲ್‌ನಲ್ಲಿ ವಾರಗಟ್ಟಲೆ ನೀರು ನಿಲ್ಲಿಸಬೇಡಿ, ಡೆಂಗಿ ತರುವ ಸೊಳ್ಳೆ ಮೊಟ್ಟೆ ಇಡೋದು ಅಂಥ ಕಡೆಯೇ. ಕುಡಿಯೋಕೆ ಮನಸ್ಸು ಒಪ್ಪದಿದ್ದರೆ ಆ ನೀರಲ್ಲಿ ಬಟ್ಟೆ ಒಗೆಯಿರಿ, ಅಂಗಳ ತೊಳೆಯಿರಿ. ಗಟಾರಕ್ಕೆ ಮಾತ್ರ ಬೇಡ.

ಇನ್ನು ಹೊಸ ನೀರು. ನಳ ತಿರುವಿದ ಕೂಡಲೇ ಬುಸ್ ಅಂತ ಗಾಳಿ, ಅದರ ಹಿಂದೆ ಕೆಂಪಗೋ ಕರ್ರಗೋ ಒಂದಿಷ್ಟು ನೀರು ಬರುತ್ತದಲ್ಲ? ನಮ್ಮ ಪೈಪುಗಳಲ್ಲಿ ಸದಾ ನೀರು ಇರೋದಿಲ್ಲ, ಕೆಲವು ದಿನಕ್ಕೊಮ್ಮೆ, ಕೆಲವು ಬಡಾವಣೆಗಳಲ್ಲಿ ಇನ್ನೂ ತಡವಾಗಿ ಬಿಡುತ್ತಾರೆ. ಪೈಪ್ ತುಂಬಿ ಒತ್ತಡ ಇದ್ದಾಗ ಸಣ್ಣ ತೂತು ಇದ್ದರೂ ನೀರು ಹೊರಗೆ ಸೋರುತ್ತದೆ. ಪೈಪ್ ಖಾಲಿ ಆದಾಗ ಅದೇ ತೂತಿನಿಂದ ಹೊರಗಿನ ಹೊಲಸು ಒಳಗೆ ಬರುತ್ತದೆ. ನಮ್ಮ ಓಣಿಗಳಲ್ಲಿ ಪೈಪ್ ಎಲ್ಲಿ ಹೋಗಿದೆ? ಗಟಾರದ ಪಕ್ಕದಲ್ಲಿ, ಎಷ್ಟೋ ಕಡೆ ಗಟಾರದ ಒಳಗೇ.

ಅದರ ಮೇಲೆ ನಾವು ಮೋಟರ್ ಹಚ್ಚುತ್ತೇವೆ. ಇದು ನನಗೆ ತುಂಬಾ ಸಂಕಟ ತರುವ ವಿಷಯ. ನಳಕ್ಕೇ ನೇರವಾಗಿ ಮೋಟರ್ ಹಚ್ಚಿದರೆ ಅದು ಪೈಪಿನಲ್ಲಿರುವ ನೀರನ್ನು ಎಳೆಯುತ್ತದೆ, ನೀರು ಸಾಲದೆ ಬಂದಾಗ ಜಾಯಿಂಟಿನ ಸಂದಿಯಿಂದ ಗಟಾರದ ನೀರನ್ನೂ ಎಳೆಯುತ್ತದೆ. ಮೋಟರ್ ಹಚ್ಚಿದ ಮನೆಯವರೂ ಅದನ್ನೇ ಕುಡಿಯುತ್ತಾರೆ, ಮೋಟರ್ ಇಲ್ಲದ ಪಕ್ಕದ ಮನೆಯವರೂ ಅದನ್ನೇ ಕುಡಿಯುತ್ತಾರೆ. ಆಮೇಲೆ ಮಕ್ಕಳಿಗೆ ಭೇದಿ ಆದರೆ ಹೊರಗಿನ ತಿಂಡಿ ತಿಂದರು ಅನ್ನುತ್ತೇವೆ.

ಹಾಗಾಗಿ ನೀರು ಬಂದಾಗ ಮೊದಲ ಕೆಲವು ನಿಮಿಷದ ನೀರನ್ನು ಬೇರೆ ಬಕೆಟ್‌ಗೆ ಹಿಡಿಯಿರಿ, ಅದು ಶೌಚಾಲಯಕ್ಕೆ, ನೆಲ ಒರೆಸೋಕೆ. ತಿಳಿಯಾದ ಮೇಲೆ ಕುಡಿಯುವ ಕೊಡ ಇಡಿ. ಬಹಳ ಮನೆಗಳಲ್ಲಿ ಇದು ಉಲ್ಟಾ ನಡೆಯುತ್ತದೆ, ಕುಡಿಯುವ ಕೊಡವೇ ಮೊದಲು ತುಂಬುತ್ತದೆ.

ತಿಳಿಯಾಗಿ ಕಂಡರೆ ಸಾಕಾ? ಸಾಲದು. ನೀರು ಪರೀಕ್ಷೆಗೆ ಒಂದು ಪುಟ್ಟ ಬಾಟಲಿ ಬರುತ್ತದೆ, ಎಚ್‌ಟೂಎಸ್ ಬಾಟಲಿ ಅನ್ನುತ್ತಾರೆ. ಒಳಗೆ ಔಷಧಿ ಹಚ್ಚಿದ ಕಾಗದ ಇಲ್ಲವೇ ಪುಡಿ ಇರುತ್ತದೆ. ಗುರುತಿನ ತನಕ ನೀರು ತುಂಬಿ, ಬಾಯಿಗೆ ಬೆರಳು ತಾಗದ ಹಾಗೆ ಮುಚ್ಚಿ, ಅಡುಗೆಮನೆಯ ಮಾಡದಲ್ಲಿ ಒಂದೆರಡು ದಿನ ಇಡಬೇಕು, ಅಷ್ಟೇ. ನೀರಲ್ಲಿ ಮಲದ ಜೊತೆ ಬರುವಂಥ ರೋಗಾಣುಗಳಿದ್ದರೆ ಬಾಟಲಿ ಕಪ್ಪಾಗುತ್ತದೆ. ಇಡುವಾಗ ಗಾಜಿನ ಹಾಗೆ ತಿಳಿಯಾಗಿದ್ದ ನೀರು ಮರುದಿನ ಬೆಳಿಗ್ಗೆ ಮಸಿಯಾಗಿ ನಿಂತಿರುತ್ತದೆ. ಅದನ್ನು ಕಣ್ಣಾರೆ ನೋಡಿದ ತಾಯಿಗೆ ಮತ್ತೆ ಭಾಷಣ ಮಾಡೋ ಅಗತ್ಯ ಇರೋದಿಲ್ಲ.

ನಳದ ನೀರಲ್ಲಿ ಕ್ಲೋರಿನ್ ಇದೆಯಾ ಅಂತಲೂ ನೋಡಬಹುದು. ನಿಯಮದ ಪ್ರಕಾರ ಮನೆಯ ನಳದಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಸ್ವಲ್ಪ ವಾಸನೆ ಬಂತು ಅಂತ ಜನ ಮೂಗು ಮುರಿಯುತ್ತಾರೆ. ಆ ವಾಸನೆ ಇದ್ದರೆ ನನಗೆ ಸಮಾಧಾನ, ದಾರಿಯಲ್ಲಿ ಏನಾದರೂ ಸೇರಿದರೂ ಎದುರಿಸೋಕೆ ನೀರಲ್ಲಿ ಶಕ್ತಿ ಉಳಿದಿದೆ ಅಂತ ಅರ್ಥ.

ಇದು ನಳದ ಕಥೆ. ಬೋರ್ ನೀರಿನ ಕಥೆ ಬೇರೆ, ಅದು ಇನ್ನೂ ಕಷ್ಟದ್ದು.

ಡೋಣಿ ಬೆಳೆದರೆ ಓಣಿಯೆಲ್ಲ ಜೋಳ ಅಂತ ನಮ್ಮ ಹಿರಿಯರ ಮಾತು. ಡೋಣಿ ಹೊಳೆ ಸಾಲಿನ ಎರೆಮಣ್ಣು ಜೋಳಕ್ಕೆ ಬಂಗಾರ, ಆದರೆ ಹೊಳೆಯ ನೀರು ಬಾಯಿಗೆ ಹಾಕೋಕೆ ಆಗದಷ್ಟು ಸವಳು. ಸವಳು ನಾಲಿಗೆಗೆ ಗೊತ್ತಾಗುತ್ತದೆ, ಹಾಗಾಗಿ ಜನ ತಾವೇ ಹುಷಾರಾಗುತ್ತಾರೆ. ನನಗೆ ಭಯ ಇರೋದು ನಾಲಿಗೆಗೆ ಗೊತ್ತಾಗದವುಗಳದ್ದು. ಮುದ್ದೇಬಿಹಾಳದ ಕಡೆಯಿಂದ ಕೃಷ್ಣೆ ದಾಟಿ ಹುನಗುಂದ, ಇಳಕಲ್ ಕಡೆ ಹೋದರೆ ನೆಲದ ಕೆಳಗೆ ಗ್ರಾನೈಟ್ ಜಾತಿಯ ಕಲ್ಲು. ಆ ಕಲ್ಲಿನಿಂದ ಫ್ಲೋರೈಡ್ ನಿಧಾನವಾಗಿ ನೀರಿಗೆ ಇಳಿಯುತ್ತದೆ. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ದಾರಿಯೇ ಇಲ್ಲದಿದ್ದರೆ 1.5ರ ತನಕ ಅನ್ನುತ್ತದೆ ನಮ್ಮ ದೇಶದ ಕುಡಿಯುವ ನೀರಿನ ಮಾನದಂಡ. ಅದಕ್ಕಿಂತ ಜಾಸ್ತಿ ಇರುವ ನೀರನ್ನು ಚಿಕ್ಕಂದಿನಿಂದ ಕುಡಿದ ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆ ಬೀಳುತ್ತವೆ. ಎಷ್ಟು ಉಜ್ಜಿದರೂ ಹೋಗೋದಿಲ್ಲ. ಹಲ್ಲು ಉಜ್ಜೋದಿಲ್ಲ ಅಂತ ಆ ಮಕ್ಕಳನ್ನೇ ಬೈಯುತ್ತಾರೆ, ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯೋದು ಅವರಿಗೆ ರೂಢಿಯಾಗುತ್ತದೆ. ತಪ್ಪು ಮಕ್ಕಳದ್ದಲ್ಲ, ಆ ಬೋರ್ ನೀರಿನದ್ದು. ವರ್ಷಗಟ್ಟಲೆ ಕುಡಿದರೆ ಮೂಳೆ, ಕೀಲು ಕೂಡ ಬಿಗಿಯುತ್ತವೆ.

ನೈಟ್ರೇಟ್ ಅಂತ ಇನ್ನೊಂದು. ತಿಪ್ಪೆ, ಶೌಚದ ಗುಂಡಿ, ಹೊಲಕ್ಕೆ ಸುರಿದ ಯೂರಿಯಾ, ಇವೆಲ್ಲದರಿಂದ ಇಳಿದು ಬೋರ್ ಸೇರುತ್ತದೆ. ಮಿತಿ ಲೀಟರಿಗೆ 45 ಮಿಲಿಗ್ರಾಂ. ಅದು ಜಾಸ್ತಿ ಇರುವ ನೀರಲ್ಲಿ ಪುಡಿ ಹಾಲು ಕಲಸಿ ಎಳೆ ಕೂಸಿಗೆ ಕುಡಿಸಿದರೆ ರಕ್ತಕ್ಕೆ ಆಮ್ಲಜನಕ ಸಾಗಿಸೋಕೆ ಆಗದೆ ಕೂಸು ನೀಲಿಗಟ್ಟಬಹುದು. ಇಲ್ಲಿ ಒಂದು ಮಾತನ್ನು ದಯವಿಟ್ಟು ಮನೆಯವರಿಗೆಲ್ಲ ಹೇಳಿ. ಕಾಯಿಸಿದರೆ ರೋಗಾಣು ಸಾಯುತ್ತವೆ, ಆದರೆ ಫ್ಲೋರೈಡ್ ಹೋಗೋದಿಲ್ಲ, ನೈಟ್ರೇಟ್ ಹೋಗೋದಿಲ್ಲ. ನೀರು ಆವಿಯಾಗಿ ಕಡಿಮೆಯಾದಷ್ಟೂ ಉಳಿದ ನೀರಲ್ಲಿ ಅವು ಇನ್ನೂ ದಟ್ಟವಾಗುತ್ತವೆ.

ಇಷ್ಟು ಕೇಳಿದ ಮೇಲೆ ನಿಮ್ಮ ಮನಸ್ಸಿಗೆ ಬರೋದು ನೀರು ಶುದ್ಧ ಮಾಡುವ ಆರ್‌ಒ ಮಷೀನ್. ಸ್ವಲ್ಪ ತಡೆಯಿರಿ.

ಆರ್‌ಒ ಮಾರೋಕೆ ಮನೆಗೆ ಬರುತ್ತಾರಲ್ಲ, ಅವರ ಚೀಲದಲ್ಲಿ ಎರಡು ಸಾಮಾನು ಇರುತ್ತವೆ. ಒಂದು ಪೆನ್ನಿನಂಥ ಟಿಡಿಎಸ್ ಮೀಟರ್, ನೀರಲ್ಲಿ ಕರಗಿದ ಉಪ್ಪಿನಂಶ ಅಳೆಯೋದು. ಇನ್ನೊಂದು ಲೋಹದ ಕಡ್ಡಿಗಳಿರುವ, ಕರೆಂಟಿಗೆ ಹಚ್ಚುವ ಉಪಕರಣ. ಎರಡು ಗ್ಲಾಸ್ ಇಡುತ್ತಾರೆ, ಒಂದರಲ್ಲಿ ನಿಮ್ಮ ನಳದ ನೀರು, ಇನ್ನೊಂದರಲ್ಲಿ ಅವರ ಮಷೀನಿನ ನೀರು. ಸ್ವಿಚ್ ಒತ್ತುತ್ತಾರೆ. ನೋಡನೋಡುತ್ತ ನಿಮ್ಮ ಗ್ಲಾಸಿನ ನೀರು ಗಟಾರದ ಬಣ್ಣಕ್ಕೆ ತಿರುಗಿ ಮೇಲೆ ನೊರೆ ಕಟ್ಟುತ್ತದೆ, ಅವರದ್ದು ಹಾಗೇ ಇರುತ್ತದೆ. "ನೋಡ್ರಿ ಅಕ್ಕಾರ, ಇದನ್ನ ನೀವು ಮಕ್ಕಳಿಗೆ ಕುಡಿಸಾಕತ್ತೀರಿ" ಅನ್ನುತ್ತಾರೆ. ಯಾವ ತಾಯಿ ತಾನೇ ಹೆದರೋದಿಲ್ಲ? ಆದರೆ ಆ ಬಣ್ಣ ಬಂದದ್ದು ಕಡ್ಡಿಯಲ್ಲಿದ್ದ ಕಬ್ಬಿಣದಿಂದ. ನೀರಲ್ಲಿ ಉಪ್ಪಿನಂಶ ಇದ್ದರೆ ಕರೆಂಟ್ ಹರಿಯುತ್ತದೆ, ಕಬ್ಬಿಣ ಕರಗುತ್ತದೆ, ತುಕ್ಕು ಏಳುತ್ತದೆ. ಉಪ್ಪಿನಂಶ ತೆಗೆದ ನೀರಲ್ಲಿ ಕರೆಂಟ್ ಸರಿಯಾಗಿ ಹರಿಯೋದಿಲ್ಲ, ಅದಕ್ಕೆ ಬಣ್ಣ ಬರೋದಿಲ್ಲ. ಅವರ ಗ್ಲಾಸಿಗೆ ಒಂದು ಚಿಟಿಕೆ ಅಡುಗೆ ಉಪ್ಪು ಹಾಕಿಸಿ ಮತ್ತೆ ಸ್ವಿಚ್ ಒತ್ತಿಸಿ, ಅದೂ ಕೆಂಪಾಗುತ್ತದೆ. ಆ ಮೀಟರ್ ಕೂಡ ಅಷ್ಟೇ, ನೀರಲ್ಲಿ ಕರಗಿದ್ದು ಒಟ್ಟು ಎಷ್ಟು ಅಂತ ತೋರಿಸುತ್ತದೆ, ಅದು ಸುಣ್ಣವಾ ಫ್ಲೋರೈಡಾ ಅಂತ ಹೇಳೋದಿಲ್ಲ, ರೋಗಾಣುಗಳ ಸುದ್ದಿಯಂತೂ ಅದಕ್ಕೆ ಗೊತ್ತೇ ಇಲ್ಲ.

ಫ್ಲೋರೈಡ್ ಇರುವ ಊರಿಗೆ, ಸವಳು ನೀರಿನ ಊರಿಗೆ ಆರ್‌ಒ ಬೇಕು, ಅದರಲ್ಲಿ ಎರಡು ಮಾತಿಲ್ಲ. ಹಳ್ಳಿಗಳ ಶುದ್ಧ ಕುಡಿಯುವ ನೀರಿನ ಘಟಕಗಳಿಂದ ಎಷ್ಟೋ ಜನಕ್ಕೆ ಉಪಕಾರ ಆಗಿದೆ. ಆದರೆ ಚೆನ್ನಾಗಿ ಶುದ್ಧ ಮಾಡಿ ಬಿಟ್ಟ ಹೊಳೆ ನೀರು ಬರುವ ಮನೆಗೆ ಯಾಕೆ ಬೇಕು? ಒಂದು ಲೀಟರ್ ನೀರು ಕೊಡೋಕೆ ಮನೆಯ ಆರ್‌ಒ ಸಾಮಾನ್ಯವಾಗಿ ಎರಡು ಮೂರು ಲೀಟರ್ ಹೊರಗೆ ಬಿಡುತ್ತದೆ. ಲೀಟರಿಗೆ 500 ಮಿಲಿಗ್ರಾಂಗಿಂತ ಕಡಿಮೆ ಟಿಡಿಎಸ್ ಇರುವ ಕಡೆ ಆರ್‌ಒ ಬಳಕೆ ನಿಷೇಧಿಸಿ ಅಂತ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲೇ ಹೇಳಿತ್ತು. ಮಷೀನ್ ಈಗಾಗಲೇ ಇದ್ದರೆ ಅದರ ಹೊರಪೈಪಿಗೆ ಒಂದು ಬಕೆಟ್ ಇಡಿ, ಪಾತ್ರೆಯ ಮೊದಲ ತೊಳೆತಕ್ಕೆ, ನೆಲಕ್ಕೆ ಆಗುತ್ತದೆ. ಗಿಡಕ್ಕೆ ಮಾತ್ರ ದಿನಾ ಹಾಕಬೇಡಿ, ಉಪ್ಪು ಕೂಡುತ್ತದೆ.

ಮೊದಲು ಪರೀಕ್ಷೆ, ಆಮೇಲೆ ಮಷೀನ್ ಅನ್ನೋದು ನನ್ನ ವಾದ. ಹಳ್ಳಿಯವರಿಗೆ ಇದು ದುಡ್ಡಿನ ಕೆಲಸವೂ ಅಲ್ಲ. ಜಲ ಜೀವನ ಮಿಷನ್ ಅಂತ 2019ರಲ್ಲಿ ಶುರುವಾಯಿತಲ್ಲ, ನಮ್ಮ ರಾಜ್ಯದಲ್ಲಿ ಮನೆ ಮನೆಗೆ ಗಂಗೆ ಅನ್ನುತ್ತಾರೆ, ಅದರಲ್ಲಿ ನಳ ಕೂಡಿಸೋದು ಒಂದು ಭಾಗ ಮಾತ್ರ. ಪ್ರತಿ ಹಳ್ಳಿಯಲ್ಲಿ 5 ಜನ ಹೆಣ್ಣುಮಕ್ಕಳಿಗೆ ನೀರು ಪರೀಕ್ಷೆ ಕಲಿಸಬೇಕು, ಅವರ ಕೈಗೆ ಪರೀಕ್ಷಾ ಪೆಟ್ಟಿಗೆ ಕೊಡಬೇಕು ಅಂತಲೂ ಅದರಲ್ಲಿದೆ. ಆ ಪೆಟ್ಟಿಗೆಯಲ್ಲಿ ಫ್ಲೋರೈಡ್, ನೈಟ್ರೇಟ್, ಕ್ಲೋರಿನ್ ಎಲ್ಲ ಬಣ್ಣ ನೋಡಿ ತಿಳಿಯಬಹುದು. ನಿಮ್ಮೂರಿನ ಪೆಟ್ಟಿಗೆ ಎಲ್ಲಿದೆ? ಪಂಚಾಯತಿ ಕಪಾಟಿನಲ್ಲಿ ಧೂಳು ತಿನ್ನುತ್ತಿದ್ದರೆ ಹೊರಗೆ ತೆಗೆಸಿ. ಪುಡಿ, ದ್ರಾವಣಗಳ ಅವಧಿ ಮುಗಿದಿದ್ದರೆ ಹೊಸದು ಕೇಳಿ.

ನಮ್ಮ ವಿಜಯಪುರಕ್ಕೆ ಇದೆಲ್ಲ ಹೊಸದೇನೂ ಅಲ್ಲ. ಆದಿಲ್‌ಶಾಹಿ ಕಾಲದಲ್ಲಿ ತೊರವಿಯಿಂದ ನೆಲದೊಳಗೆ ಸುರಂಗ ತೋಡಿ ನೀರು ತಂದರು, 1651ರಲ್ಲಿ ಬೇಗಂ ತಾಲಾಬ್ ಕೆರೆ ಕಟ್ಟಿದರು. ಊರೊಳಗೆ ಅಲ್ಲಲ್ಲಿ ಎತ್ತರದ ಕಲ್ಲಿನ ನೀರಿನ ಗೋಪುರಗಳು, ಅಂದರೆ ಗಂಜ್‌ಗಳು ಇವತ್ತಿಗೂ ನಿಂತಿವೆ, ಅವುಗಳ ಪಕ್ಕದಲ್ಲಿ ದಿನಾ ಬೈಕ್ ಓಡಿಸುತ್ತೇವೆ. ಪೈಪಿನಲ್ಲಿ ಬಂದ ನೀರು ಆ ಗಂಜ್‌ಗೆ ಏರಿ, ಒತ್ತಡ ಇಳಿದು, ಹೂಳು ತಳಕ್ಕೆ ಕೂತು, ತಿಳಿ ನೀರು ಮುಂದೆ ಹೋಗುತ್ತಿತ್ತು. ನೀರು ಮುಟ್ಟಿಸಿದರೆ ಸಾಲದು, ತಿಳಿಯಾಗಿ ಮುಟ್ಟಿಸಬೇಕು ಅನ್ನೋದು ಅವರಿಗೆ ಗೊತ್ತಿತ್ತು. 1620ರ ತಾಜ್ ಬಾವಡಿ ಅನ್ನೋ ದೊಡ್ಡ ಬಾವಿಗೆ ನಾವು ಕಸ ಹಾಕಿದೆವು, ಗಣಪತಿ ಬಿಟ್ಟೆವು. 2017ರ ಸುಮಾರಿಗೆ ಹೂಳು ತೆಗೆದಾಗ ಊರವರೇ ಬಂದು ನಿಂತು ನೋಡಿದರು. ಅಷ್ಟು ಪ್ರೀತಿ ಇನ್ನೂ ಇದೆ ಅಂದರೆ ಮಿಕ್ಕ ಬಾವಡಿಗಳೂ ಉಳಿಯುತ್ತವೆ ಅನ್ನೋ ಆಸೆ ನನಗಿದೆ. ಕುಡಿಯೋಕೆ ಬೇಡ, ತೋಟಕ್ಕೆ, ಬಟ್ಟೆಗೆ ಬಳಸಿದರೂ ಅಷ್ಟು ಹೊಳೆ ನೀರು ಉಳಿಯಿತಲ್ಲ.

ರೈತರಿಗೂ ಒಂದು ಮಾತು. ಏತ ನೀರಾವರಿಯಿಂದ ಕೆರೆ ತುಂಬಿದ ಮೇಲೆ ಸುತ್ತಲಿನ ಬಾವಿಗಳಲ್ಲಿ ನೀರು ಎದ್ದಿದೆ, ಅದರ ಹಿಂದೆಯೇ ಕಬ್ಬು ಬಂದಿದೆ. ಎರೆಮಣ್ಣಿಗೆ ಹರಿಬಿಟ್ಟು ನೀರುಣಿಸಿದರೆ ಏನಾಗುತ್ತದೆ ಅಂತ ಜಮಖಂಡಿ, ಮುಧೋಳ, ಅಥಣಿ ಕಡೆಯ ಸವಳು-ಜವಳು ಹೊಲಗಳನ್ನು ನೋಡಿ ಬನ್ನಿ. ನೀರು ಬಸಿಯದೆ ನಿಲ್ಲುತ್ತದೆ, ಉಪ್ಪು ಮೇಲೆ ಬಂದು ಬೆಳ್ಳಗೆ ಪದರ ಕಟ್ಟುತ್ತದೆ. ಇಂಡಿ ತಾಲ್ಲೂಕಿನ ನಿಂಬೆಗೆ, ದ್ರಾಕ್ಷಿಗೆ ಡ್ರಿಪ್ ಹಾಕಿ ಕಲಿತ ನಮ್ಮ ಜಿಲ್ಲೆಯ ರೈತರಿಗೆ ಕಬ್ಬಿಗೂ ಹಾಕೋದು ಕಷ್ಟವಲ್ಲ. ಬೋರ್ ನೀರನ್ನು ಹೊಲಕ್ಕೆ ಬಿಡುವ ಮೊದಲೂ ಒಂದು ಸಲ ಪರೀಕ್ಷೆ ಮಾಡಿಸಿ.

ಇನ್ನು ಮಳೆ. ನಮ್ಮಲ್ಲಿ ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಬೀಳುತ್ತದೆ. 1,200 ಚದರ ಅಡಿ ಮಾಳಿಗೆ ಇದ್ದರೆ ಹರಿದು ಹೋಗಿದ್ದು ಕಳೆದು ಕೂಡ 50 ಸಾವಿರ ಲೀಟರ್ ಸಿಗುತ್ತದೆ. ಫ್ಲೋರೈಡ್ ಇರುವ ಊರಲ್ಲಿ ಕುಡಿಯೋಕೆ, ಅಡುಗೆಗೆ ಇದಕ್ಕಿಂತ ಒಳ್ಳೆಯ ನೀರು ಇಲ್ಲ. ಮೊದಲ ಮಳೆಯ ನೀರು ಬಿಟ್ಟು ಹಿಡಿಯಿರಿ, ಮುಚ್ಚಿದ ಟಾಕಿಯಲ್ಲಿ ಇಡಿ, ಕಾಯಿಸಿ ಕುಡಿಯಿರಿ.

ಮುಂದಿನ ಗ್ರಾಮಸಭೆಗೆ ಹೋದಾಗ ಒಂದೇ ಪ್ರಶ್ನೆ ಕೇಳಿ: ನಮ್ಮೂರ ಯಾವ ಬೋರ್, ಯಾವ ಟಾಕಿಯ ನೀರನ್ನು ಕೊನೆಗೆ ಯಾವಾಗ ಪರೀಕ್ಷೆ ಮಾಡಿದ್ದೀರಿ, ಅದರಲ್ಲಿ ಏನು ಬಂತು? ಉತ್ತರವನ್ನು ಪಂಚಾಯತಿ ಗೋಡೆಗೆ ಎಲ್ಲರಿಗೂ ಕಾಣುವ ಹಾಗೆ ಅಂಟಿಸಲಿ. ಪಟ್ಟಣದಲ್ಲಿ ಇರುವವರು ನಿಮ್ಮ ವಾರ್ಡಿನ ಸದಸ್ಯರಿಗೆ ಇದನ್ನೇ ಕೇಳಿ. ಮಿಷನ್ನಿನ ಜಾಲತಾಣದಲ್ಲೂ ಹಳ್ಳಿವಾರು ವರದಿ ಸಿಗುತ್ತದೆ, ಮನೆಯಲ್ಲಿ ಕಾಲೇಜಿಗೆ ಹೋಗುವ ಹುಡುಗರಿದ್ದರೆ ತೆಗೆದು ಕೊಡುತ್ತಾರೆ. ವರದಿ ಕೈಗೆ ಸಿಕ್ಕರೆ ಫೋಟೋ ತೆಗೆದು ನಮಗೆ ಕಳುಹಿಸಿ. ಯಾವ ಅಂಕಿಗೆ ಹೆದರಬೇಕು, ಯಾವುದಕ್ಕೆ ಬೇಡ, ಯಾವ ನೀರನ್ನು ಯಾವ ಕೆಲಸಕ್ಕೆ ಇಟ್ಟುಕೊಳ್ಳಬಹುದು ಅಂತ ಮುಂದಿನ ವಾರ ಒಂದೊಂದಾಗಿ ಕೂತು ಓದೋಣ.