ಅಪೆಂಡಿಕ್ಸೂ ಒಂದು, ಕರುಳಿನ ಕ್ಯಾನ್ಸರೂ ಒಂದು: ಇದೆಂಥ ಲೆಕ್ಕ ಮಾರಾಯ್ರೆ?

ಎಲ್ಲರಿಗೂ ನಮಸ್ಕಾರ. ಬಯಾಪ್ಸಿ ರಿಪೋರ್ಟ್ ಯಾಕೆ ತಡ ಅಂತ ಕೇಳಿದ್ರೆ ಸಿಗೋ ಉತ್ತರ ಒಂದೇ: "ಡಾಕ್ಟರು ಕಡಿಮೆ." ಕಡಿಮೆ ಹೌದು. ಆದ್ರೆ ಇದ್ದ ಡಾಕ್ಟರಿಗೆ ಕೆಲಸ ಹಂಚೋ ರೀತಿಯೇ ಸರಿ ಇಲ್ಲ ಅಂತ ನನ್ನ ವಾದ.

ಆಪರೇಶನ್‌ನಲ್ಲಿ ತೆಗೆದ ಭಾಗ ಪೆಥಾಲಜಿಗೆ, ಅಂದ್ರೆ ಅದನ್ನ ಪರೀಕ್ಷೆ ಮಾಡೋ ವಿಭಾಗಕ್ಕೆ, ಬರ್ತದೆ. ಅಲ್ಲಿ ಎಷ್ಟೋ ಕಡೆ ಹಂಚೋದು ಕೇಸಿನ ಸಂಖ್ಯೆ ನೋಡಿ. ನಿನಗೆ ಹತ್ತು, ನನಗೆ ಹತ್ತು. ಕೇಳಲಿಕ್ಕೆ ಚಂದ. ಒಬ್ಬರಿಗೆ ಅಪೆಂಡಿಕ್ಸ್ ಬಂತು: ಎರಡು ಮೂರು ತುಂಡು, ಒಂದೆರಡು ಸ್ಲೈಡ್, ಮುಗೀತು. ಇನ್ನೊಬ್ಬರಿಗೆ ದೊಡ್ಡ ಕರುಳಿನ ಕ್ಯಾನ್ಸರ್. ಗಡ್ಡೆ ಎಷ್ಟು ಆಳಕ್ಕೆ ಇಳಿದಿದೆ ನೋಡಬೇಕು, ಕತ್ತರಿಸಿದ ಅಂಚು ನೋಡಬೇಕು, ಆಮೇಲೆ ಕ್ಯಾನ್ಸರ್ ಹಬ್ಬಿದೆಯಾ ಅಂತ ತಿಳೀಲಿಕ್ಕೆ ಕೊಬ್ಬಿನೊಳಗೆ ದುಗ್ಧಗ್ರಂಥಿ (ಲಿಂಫ್ ನೋಡ್) ಹುಡುಕಬೇಕು. ಕನಿಷ್ಠ 12 ಸಿಗಬೇಕು. ಕೆಲವು ಎರಡು ಮೂರು ಮಿಲಿಮೀಟರ್ ಅಷ್ಟೇ. ಹಳದಿ ಕೊಬ್ಬಿನಲ್ಲಿ ಕಣ್ಣಿಗೆ ಕಾಣೋದಿಲ್ಲ, ಗ್ಲೌಸ್ ಹಾಕಿದ ಬೆರಳಿಗೇ ಗಟ್ಟಿ ಹತ್ತಬೇಕು. ಒಂಬತ್ತೇ ಸಿಕ್ಕಿತಾ? ಉಳಿದದ್ದನ್ನ ಫಾರ್ಮಲಿನ್ನಿಂದ (ತುಂಡು ಕೆಡದ ಹಾಗೆ ಇಡೋ ದ್ರಾವಣ) ಮತ್ತೆ ಎತ್ತಿ ಹುಡುಕು. ರಿಜಿಸ್ಟರಿನಲ್ಲಿ ಮಾತ್ರ ಎರಡೂ "ಒಂದು ಕೇಸ್".

ಬಂಗಡೆಯೂ ಒಂದು ಮೀನು, ಇಸ್ವಾಣವೂ ಒಂದು ಮೀನು ಅಂತ ಒಂದೇ ರೇಟು ಹೇಳಿ ನೋಡಿ, ಕಾರವಾರದ ಮೀನು ಮಾರುಕಟ್ಟೆಯಲ್ಲಿ ಯಾರಾದ್ರೂ ಸುಮ್ಮನಿರ್ತಾರಾ?

ಇದರ ಫಲ ಏನು ಗೊತ್ತಾ? ಬೇಗ ಬಂದವರು ಸುಲಭದ ಟ್ರೇ ಎತ್ಕೊಳ್ತಾರೆ, ಕಷ್ಟದ್ದು ಹೊಸಬರ ತಲೆಗೆ. ತಡ ಆದ್ರೆ ಬೈಗುಳವೂ ಅವರಿಗೇ. ಎತ್ತಿಗೆ ಜ್ವರ, ಎಮ್ಮೆಗೆ ಬರೆ.

ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಪೆಥಾಲಜಿಸ್ಟ್ಸ್ ಪರೀಕ್ಷೆಗೆ ಬಂದ ಭಾಗ ಎಷ್ಟು ಕಷ್ಟದ್ದು ಅಂತ ನೋಡಿ ಅಂಕ ಕೊಡೋ ಪದ್ಧತಿ ಮಾಡಿದೆ. ಅದನ್ನೇ ಇಲ್ಲಿ ತಂದು ಅಂಟಿಸಿ ಅಂತ ನಾನು ಹೇಳೋದಿಲ್ಲ. ಪಿಜಿ ಮಕ್ಕಳಿಗೆ ಕಲಿಸೋದು, ಸರ್ಜನ್ ಫೋನಿಗೆ ಉತ್ತರ ಕೊಡೋದು, ರೋಗಿ ಆಪರೇಶನ್ ಟೇಬಲ್ ಮೇಲೆ ಇರುವಾಗಲೇ ಸುಮಾರು ಇಪ್ಪತ್ತು ನಿಮಿಷದಲ್ಲಿ ಹೇಳಬೇಕಾದ ಫ್ರೋಜನ್ ಸೆಕ್ಷನ್ (ತುಂಡನ್ನ ಹೆಪ್ಪುಗಟ್ಟಿಸಿ ಕೂಡಲೇ ನೋಡೋ ಪರೀಕ್ಷೆ), ಇದೆಲ್ಲ ಬರೀ ಸ್ಲೈಡ್ ಎಣಿಸಿದ್ರೆ ಲೆಕ್ಕಕ್ಕೆ ಬರೋದಿಲ್ಲ. ಆದ್ರೂ ಕೇಸ್ ಎಣಿಸೋದಕ್ಕಿಂತ ಬ್ಲಾಕ್ (ಸ್ಲೈಡ್ ಮಾಡಲಿಕ್ಕೆ ಮೇಣದಲ್ಲಿ ಕೂರಿಸಿದ ತುಂಡು) ಎಣಿಸೋದು ಎಷ್ಟೋ ವಾಸಿ.

ಇನ್ನು ನಮ್ಮ ಜಿಲ್ಲೆಯದೇ ಒಂದು ತಾಪತ್ರಯ. ಘಟ್ಟದ ಮೇಲಿನ ಆಸ್ಪತ್ರೆಯಿಂದ ತುಂಡು ಹಾಕಿದ ಡಬ್ಬಿ ಹೊರಟು ಲ್ಯಾಬ್ ಮುಟ್ಟೋವಷ್ಟರಲ್ಲಿ ಸಂಜೆ. ಅಂಗಾಂಶ ಸಂಸ್ಕರಿಸೋ ಮಷಿನ್ ರಾತ್ರಿಯಿಡೀ ಓಡ್ತದೆ. ಅದನ್ನ ಶುರು ಮಾಡಿದ ಮೇಲೆ ಬಂದ ಡಬ್ಬಿಗೆ ಒಂದು ದಿನ ಹೋಯ್ತು. ಮೇಲಿಂದ ಇಕ್ಕಟ್ಟು ಬಾಯಿಯ ಬಾಟಲಿ, ತುಂಡು ಮುಳುಗದಷ್ಟು ಫಾರ್ಮಲಿನ್, ಫಾರ್ಮಿನಲ್ಲಿ "ಗಂಟು" ಅಂತ ಒಂದೇ ಶಬ್ದ. ಎಲ್ಲಿಯ ಗಂಟು? ಎಡವೋ ಬಲವೋ? ಫೋನ್ ಮಾಡಿ ಕೇಳ್ತಾ ಕೂತವರ ಅರ್ಧ ಗಂಟೆ ಯಾವ ರಿಜಿಸ್ಟರಿನಲ್ಲೂ ಇಲ್ಲ. ಫಾರ್ಮ್ ತುಂಬದೆ ಡಬ್ಬಿ ಹೊರಡಬಾರದು ಅಂತ ಕಳಿಸೋ ಆಸ್ಪತ್ರೆಯಲ್ಲೇ ತಡೀಬೇಕು.

ವಿಭಾಗದ ಮುಖ್ಯಸ್ಥರು ಯಾರಾದ್ರೂ ಕೇಳ್ತಿದ್ರೆ: ಬರೋ ತಿಂಗಳು ಕೇಸಿನ ಕಾಲಂ ಪಕ್ಕ ಬ್ಲಾಕಿನ ಕಾಲಂ ಒಂದು ಎಳೀರಿ, ಯಾರು ಎಷ್ಟು ಅಂತ ಗೋಡೆಗೆ ಅಂಟಿಸಿ. ಸಾಫ್ಟ್‌ವೇರ್ ಬೇಡ, ಸ್ಕೇಲು ಪೆನ್ನು ಸಾಕು. ಮೊದಲ ತಿಂಗಳು ಜಗಳ ಆಗ್ತದೆ. ಆಗ್ಲಿ ಬಿಡಿ.